ಸ್ವಾಮಿ ಎಲ್ಲಿ?

ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ನಮಗೆ ದಾರಿ ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದೆಲ್ಲ ಮಾತು, ಅದೂ ಗೊತ್ತಿರುವ ಮಾತು.

ನಾನು ಹೊನ್ನಾಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಜ್ವಾಲಾಮುಖಿ ಬಿಡಿಸುತ್ತೇನೆ. "ನೋಡ್ದೇ ಇರೋದನ್ನ ಎಷ್ಟು ವರ್ಷ ಅಂತ ಬರೀತೀಯ? ನಾನು ತೋರಿಸ್ತೀನಿ ನಡಿ" ಎನ್ನುತ್ತಿದ್ದರು ನಮ್ಮ ಯಜಮಾನರು. ತೋರಿಸುವ ಮೊದಲೇ ಹೋಗಿಬಿಟ್ಟರು. ಈ ವರ್ಷ ಚನ್ನಗಿರಿಯಿಂದ ಬಾಲಿ ದ್ವೀಪಕ್ಕೆ ಒಂದು ತಂಡ ಹೊರಟಾಗ, ನ್ಯಾಮತಿಯಲ್ಲಿರುವ ನನ್ನ ನಾದಿನಿ ನನ್ನನ್ನು ಕೇಳದೆಯೇ ಇಬ್ಬರ ಹೆಸರೂ ಕೊಟ್ಟಳು. ಒಂದು ಜ್ವಾಲಾಮುಖಿಯನ್ನು ಕಣ್ಣಾರೆ ನೋಡಿ, ಮನೆಗೆ ಬಂದು ಅವರ ಫೋಟೋದ ಮುಂದೆ "ಹಿಂಗೈತೆ" ಎಂದು ಹೇಳಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಇಸ್ತ್ರಿ

ನಾವು ಇಳಿದುಕೊಂಡಿದ್ದು ಜ್ವಾಲಾಮುಖಿಯ ತಪ್ಪಲಿನ ಒಂದು ಹಳ್ಳಿಯಲ್ಲಿ. ನಮ್ಮ ಜೊತೆ ಚನ್ನಗಿರಿಯ ಅಡಿಕೆ ವ್ಯಾಪಾರಿ ಒಬ್ಬರಿದ್ದರು. ಹೆಂಡತಿಗೆ ವಿಮಾನವೆಂದರೆ ಭಯವಾದ್ದರಿಂದ ಒಬ್ಬರೇ ಬಂದಿದ್ದರು. ಯಾರನ್ನು ಕಂಡರೂ ಅವರ ಮಾತು "ಸ್ವಾಮಿ" ಎಂದೇ ಶುರು. ರೂಮಿನ ಬೀಗದ ಕೈ ಕೊಡುವ ಹುಡುಗಿ ಅವರನ್ನು "ಇಸ್ತ್ರಿ?" ಎಂದು ಕೇಳಿದಳು.

"ನೋಡಿದ್ರಾ ಮೇಡಂನೋರೆ, ಇಸ್ತ್ರಿಗೆ ಇಲ್ಲೂ ಇಸ್ತ್ರೀನೇ ಅಂತಾರೆ" ಎಂದು ಅವರಿಗೆ ಖುಷಿಯಾಯಿತು. ದಿನಕ್ಕೆ ಎರಡು ಅಂಗಿ ಬದಲಿಸುವವರು. ಎರಡು ಬೆರಳೆತ್ತಿ, "ಡೈಲಿ ಟೂ" ಎಂದರು.

ಹುಡುಗಿ ಅವರನ್ನೊಮ್ಮೆ, ನನ್ನನ್ನೊಮ್ಮೆ, ನನ್ನ ನಾದಿನಿಯನ್ನೊಮ್ಮೆ ನೋಡಿದಳು. ಸಂಜೆ ಅವರ ರೂಮಿಗೆ ಎರಡು ದಿಂಬು ಹೆಚ್ಚಿಗೆ ಬಂದವು. ಅಂಗಿ ಒಯ್ಯಲು ಮಾತ್ರ ಯಾರೂ ಬರಲಿಲ್ಲ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅಂಗಿ ದಿಂಬಿನ ಕೆಳಗಿಟ್ಟು ಮಲಗು ಅಂತ ಇರಬೇಕು ಬಿಡ್ರಿ" ಎಂದು ಹಾಗೆಯೇ ಮಾಡಿದರು.

ಬಾಗಿಲ ಮುಂದಿನ ತಿಂಡಿ

ಮಾರನೆಯ ಬೆಳಿಗ್ಗೆ ಪ್ರತಿ ಬಾಗಿಲ ಮುಂದೆ ನೆಲದ ಮೇಲೆ ತೆಂಗಿನ ಗರಿಯಿಂದ ಹೆಣೆದ ಪುಟ್ಟ ತಟ್ಟೆ ಇತ್ತು. ಅದರಲ್ಲಿ ಹೂವು, ಚಿಟಿಕೆ ಅನ್ನ, ಒಂದು ಬಿಸ್ಕತ್ತು. ನಾನು ಹೊರಗೆ ಬರುವಷ್ಟರಲ್ಲಿ ವ್ಯಾಪಾರಿಗಳು ಬಿಸ್ಕತ್ತು ಮುಗಿಸಿದ್ದರು.

"ವ್ಯವಸ್ಥೆ ಚೆನ್ನಾಗೈತ್ರಿ. ಬಾಗಿಲಿಗೇ ತಿಂಡಿ. ಅನ್ನ ಸ್ವಲ್ಪ ಕಮ್ಮಿ ಆತು, ಅಷ್ಟೆ."

"ಊದಿನಕಡ್ಡಿ ಹಚ್ಚಿಟ್ಟಿದ್ದಾರಲ್ಲ?" ಎಂದೆ.

"ಸೊಳ್ಳೆಗೆ ಇರಬೇಕು."

ನಮ್ಮ ಗೈಡ್ ಅರ್ಧ ಹಿಂದಿ, ಅರ್ಧ ಇಂಗ್ಲಿಷ್ ಮಾತಾಡುವ ಸ್ಥಳೀಯ. ಅವನನ್ನು ಕೇಳಿದಾಗ ತಿಳಿಯಿತು, ಅದು ನೆಲದ ಭೂತಗಳಿಗೆ ಇಡುವ ಎಡೆ. ತಿಂದುಕೊಂಡು, ಜನರಿಗೆ ಕಾಟ ಕೊಡದೆ ಇರಲಿ ಎಂದು.

ವ್ಯಾಪಾರಿಗಳ ಮುಖ ಬಿಳುಚಿಕೊಂಡಿತು. ನನ್ನ ನಾದಿನಿ ಸಮಾಧಾನ ಹೇಳಿದಳು: "ಹೋಗ್ಲಿ ಬಿಡ್ರಿ ಅಣ್ಣ. ಸೇರಬೇಕಾದವರಿಗೇ ಸೇರೈತೆ."

ಕಾಣದ ಬೆಟ್ಟ

ಜ್ವಾಲಾಮುಖಿ ನೋಡುವ ಜಾಗಕ್ಕೆ ಹೋದೆವು. ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಗೈಡ್ ಬಿಳಿಯ ಕಡೆ ಕೈ ತೋರಿಸಿ, ಅದು ಬೆಟ್ಟ, ಇದು ಸರೋವರ ಎಂದು ವಿವರಿಸಿದ. ನಾನು ಕತ್ತು ಚಾಚಿ, ಕನ್ನಡಕ ಒರೆಸಿ, ಮತ್ತೆ ಚಾಚಿದೆ. ಎಲ್ಲರೂ ಬಸ್ಸು ಹತ್ತಿದರೂ ನನ್ನ ಕಾಲು ಏಳಲಿಲ್ಲ. ಮಾರನೆಯ ದಿನವೂ ತಪ್ಪಲಿನಿಂದ ಮೋಡವೇ ಕಂಡಿತು.

ವ್ಯಾಪಾರಿಗಳು ಮಾತ್ರ ಮಂಜಿನದೇ ಫೋಟೋ ತೆಗೆದು ಮನೆಗೆ ಕಳಿಸಿದ್ದರು. ಹೆಂಡತಿ ತಿರುಗಿ ಫೋನ್ ಮಾಡಿ ಕೇಳಿದರು: "ರೀ, ಪಂಚೆ ಫೋಟೋ ಯಾಕ್ರೀ ಕಳಿಸೀರಿ? ಕಲೆ ಹೋಗಲಿಲ್ವಾ?"

ಕಪ್ಪು ಮರಳು

ಸಮುದ್ರದ ದಂಡೆಯಲ್ಲಿ ಮರಳು ಕಪ್ಪಗಿತ್ತು. ಜ್ವಾಲಾಮುಖಿ ಉಗುಳಿದ ಕಲ್ಲು, ಬೂದಿ ಎಲ್ಲ ಪುಡಿಯಾಗಿ ಹೀಗಾಗುತ್ತದೆ ಎಂದು ಹೇಳಿದೆ. ವ್ಯಾಪಾರಿಗಳಿಗೆ ಕೇಳಿಸಿದ್ದು ಬೂದಿ ಒಂದೇ. ಭಕ್ತಿಯಿಂದ ಮೂರು ಬೆರಳಲ್ಲಿ ಹಣೆಗೆ ಹಚ್ಚಿಕೊಂಡರು. ಒದ್ದೆ ಮರಳು ಮೂಗಿನವರೆಗೆ ಇಳಿಯಿತು. ದಂಡೆ ಕಾಯುವವನು ಇವರು ಮುಖ ಅಡಿಯಾಗಿ ಬಿದ್ದರೆಂದುಕೊಂಡು ಓಡಿ ಬಂದು ತೋಳು ಹಿಡಿದ.

"ಏನೂ ಆಗಿಲ್ಲ ಸ್ವಾಮಿ. ಬಿಡ್ರಿ ಸ್ವಾಮಿ" ಎಂದು ಇವರು ಅವನ ಕೈ ಹಿಡಿದುಕೊಂಡರು. ಅವನು ಕೈ ಕಿತ್ತುಕೊಂಡು ಹಿಂದಕ್ಕೆ ಸರಿದ.

"ಸ್ವಾಮಿ ಅಂದ್ರೆ ಈ ಊರಲ್ಲಿ ಎಷ್ಟು ಭಯಭಕ್ತಿ ಐತೆ ನೋಡ್ರಿ" ಎಂದರು ವ್ಯಾಪಾರಿಗಳು.

ಸ್ವಾಮಿ

ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಕೂತಿದ್ದೆ. ಇನ್ನು ಬೆಟ್ಟ ಕಾಣುವುದಿಲ್ಲ ಎಂದು ಆಸೆ ಬಿಟ್ಟಿದ್ದೆ. ಬೀಗದ ಕೈಯ ಹುಡುಗಿ ಎಡೆಯ ತಟ್ಟೆಗಳನ್ನು ಹಿಡಿದು ಬಂದವಳು, ನನ್ನ ಪಕ್ಕದ ಖಾಲಿ ಕುರ್ಚಿ ತೋರಿಸಿ ಏನೋ ಕೇಳಿದಳು. ನನಗೆ ತಿಳಿದದ್ದು "ಸ್ವಾಮಿ" ಎನ್ನುವುದೊಂದೇ. ದೇವರು ಎಲ್ಲಿ ಎಂದು ಕೇಳುತ್ತಿದ್ದಾಳೆ ಎಂದುಕೊಂಡು, ಕೂತಲ್ಲೇ ತಲೆಯ ಹಿಂದೆ ಮೇಲಕ್ಕೆ ಕೈ ತೋರಿಸಿದೆ.

ಅವಳ ಮುಖ ಸಣ್ಣಗಾಯಿತು. ಕೈ ಮುಗಿದಳು. ಆಮೇಲೆ ನಾನು ತೋರಿಸಿದ ಕಡೆ ನೋಡಿ, ನನ್ನ ತೋಳು ಹಿಡಿದು ತಿರುಗಿಸಿದಳು.

ಮಾಡಿನ ಮೇಲೆ ಬೆಟ್ಟ ನಿಂತಿತ್ತು. ಮೋಡದ ತುಣುಕೂ ಇರಲಿಲ್ಲ. ನಾನು ಬೋರ್ಡಿನಲ್ಲಿ ಬಿಡಿಸುವಷ್ಟು ನೆಟ್ಟಗಿರಲಿಲ್ಲ. ತುದಿ ಒಂದು ಕಡೆ ವಾರೆ. ಕೆಂಪು ಎಲ್ಲೂ ಇರಲಿಲ್ಲ.

ನಾನು ಇನ್ನೂ ನೋಡುತ್ತಿರುವಾಗಲೇ ಅವಳು ಒಂದು ತಟ್ಟೆಯನ್ನು ಆ ಖಾಲಿ ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟು ಹೋದಳು. ಕುರ್ಚಿಗೆ ಯಾಕೆ ಎಡೆ ಎಂದು ಗೈಡ್‌ನನ್ನು ಕೇಳಿದೆ. ಅವನು ಅವಳನ್ನು ವಿಚಾರಿಸಿ ಬಂದ. ಅವರ ಭಾಷೆಯಲ್ಲಿ ಸ್ವಾಮಿ ಎಂದರೆ ಗಂಡನಂತೆ. ನಿಮ್ಮವರು ಎಲ್ಲಿ ಎಂದು ಕೇಳಿದ್ದಳಂತೆ. ಅಲ್ಲಿ, ಬೆಟ್ಟದ ಮೇಲೆ ಎಂದು ನಾನೇ ತೋರಿಸಿದೆನಂತೆ.

ತಟ್ಟೆಯಲ್ಲಿ ಬಿಸ್ಕತ್ತು ಇತ್ತು. ಬಿಸ್ಕತ್ತಿಲ್ಲದೆ ನಮ್ಮ ಯಜಮಾನರು ಕಾಫಿ ಕುಡಿದವರೇ ಅಲ್ಲ. ನಾದಿನಿ ನನ್ನ ಕೈ ಹಿಡಿದುಕೊಂಡಳು.

ಮೊದಲು ಮಾತಾಡಿದವರು ವ್ಯಾಪಾರಿಗಳು. "ಅಂದ್ರೆ ನಾನು ಡ್ರೈವರ್‌ಗೆ, ದಂಡೆ ಕಾಯೋನಿಗೆ, ಪಾಸ್‌ಪೋರ್ಟ್ ನೋಡೋ ಸಾಹೇಬ್ರಿಗೆ..." ಎಂದು ನಿಲ್ಲಿಸಿ, ಇನ್ನೂ ಮೆಲ್ಲಗೆ, "ಹಂಗಾದ್ರೆ ಇಸ್ತ್ರಿ ಅಂದ್ರೆ ಏನು ಅಂತ ಕೇಳ್ರಿ" ಎಂದರು.

"ಹೆಂಡತಿ" ಎಂದ ಗೈಡ್.

ಡೈಲಿ ಟೂ. ನಾದಿನಿ ಕಂಬ ಹಿಡಿದುಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಯಜಮಾನರು ಹೋದ ಮೇಲೆ ನಾನು ಹಾಗೆ ನಕ್ಕಿರಲಿಲ್ಲ.

"ತಾಯಿ, ಈ ಮಾತು ಚನ್ನಗಿರಿ ಮುಟ್ಟಬಾರದು" ಎಂದು ವ್ಯಾಪಾರಿಗಳು ನಾದಿನಿಗೆ ಕೈ ಮುಗಿದರು. ಅವಳ ಕೈಯಲ್ಲಾಗಲೇ ಫೋನ್ ಇತ್ತು.

ನಾವು ಬಸ್ಸು ಹತ್ತುವಷ್ಟರಲ್ಲಿ ಅವರ ಫೋನ್ ಬಡಿಯಿತು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು. ಅವರ ಹೆಂಡತಿಯ ಮಾತು ಬಸ್ಸಿಗೆಲ್ಲ ಕೇಳಿಸಿತು:

"ರೀ, ನಮ್ಮನೇಲಿ ಇಸ್ತ್ರಿ ಒಂದೇ ಐತ್ರಿ. ಚೆನ್ನಾಗಿ ಕಾದೈತೆ. ಬರ್ರಿ."