ಮಾವ ಮುಖ ನೋಡಿ ಕಟ್ಟುವ ಎಲೆ

ಇಡೀ ಸವಣೂರಿನಲ್ಲಿ ನಮ್ಮ ಸೋದರಮಾವನಷ್ಟು ವ್ಯಾಪಾರ ಬಾರದ ಪಾನ್ ಅಂಗಡಿಕಾರ ಇನ್ನೊಬ್ಬನಿಲ್ಲ. ಆದರೂ ಅಂಗಡಿಯ ಮುಂದೆ ಜನವೋ ಜನ! ಅಲ್ಲಿ ಸಾದಾ, ಮಸಾಲಾ ಎಂಬ ಹೆಸರುಗಳೇ ಇಲ್ಲ. ಗಿರಾಕಿ ‘ಒಂದ್ ಎಲಿ ಕಟ್ರಿ’ ಎಂದರೆ ಸಾಕು. ಮಾವ ಮುಖ ನೋಡುತ್ತಾರೆ, ಕೈ ತಾನೇ ಓಡುತ್ತದೆ. ಲಾರಿ ಡ್ರೈವರನಿಗೆ ಒಂದು ಬಗೆ, ಹಲ್ಲಿಲ್ಲದ ಅಜ್ಜನಿಗೆ ಕುಟ್ಟಿದ ಇನ್ನೊಂದು ಬಗೆ.

ಒಮ್ಮೆ ಹಿರೇಬೆಂಡಿಗೇರಿಯವನೊಬ್ಬ ಹತ್ತು ಎಲೆ ಪಾರ್ಸಲ್ ಕೇಳಿದ.

‘ಯಾರಿಗ್ರಿ?’

‘ಮನ್ಯಾಗ ಬೀಗರು ಬಂದಾರ್ರೀ.’

‘ಹಂಗಾರ ಅವರನ್ನ ಕರಕೊಂಡ ಬರ್ರಿ.’

ಬೀಗರು ಟಂಟಂ ಹತ್ತಿ ಬಂದು ಸಾಲಾಗಿ ನಿಂತರು! ಹೀಗೂ ಉಂಟೇ?

ನಾನು ಹಾನಗಲ್ಲಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ವರ್ಚುಯಲ್ ಫಂಕ್ಷನ್ ಎಂದೊಡನೆ ಹುಡುಗರು ಆಕಳಿಸುತ್ತಾರೆ. ಆಗ ಪಾಠದೊಳಗೆ ಮಾವನ ಕಥೆಯನ್ನು ಕರೆತರುತ್ತೇನೆ. ಆಜ್ಞೆ ಒಂದೇ. ಯಾವ ಕೆಲಸ ನಡೆಯಬೇಕೆಂಬುದು ಪ್ರೋಗ್ರಾಂ ಬರೆಯುವಾಗಲ್ಲ, ಓಡುವಾಗ, ಎದುರಿಗೆ ಯಾವ ವಸ್ತು ಇದೆಯೆಂದು ನೋಡಿ ನಿಶ್ಚಯವಾಗುತ್ತದೆ. ಇದೇ ಲೇಟ್ ಬೈಂಡಿಂಗ್. ಆ ವಸ್ತುವಿಗೆ ತನ್ನದೇ ರೀತಿ ಇಲ್ಲದಿದ್ದರೆ, ಅದು ಯಾರಿಂದ ಬಂದಿದೆಯೋ ಅವರ ರೀತಿಯೇ ನಡೆಯುತ್ತದೆ.

ಇದನ್ನು ಹೇಳಿದಾಗ ‘ಇಷ್ಟಕ್ಕ ಎಂ.ಎಸ್ಸಿ. ಮಾಡಿದೇನೋ?’ ಎಂದಿದ್ದರು ಮಾವ.

ತೊಡಕಾದದ್ದು ತೀರಿಕೊಂಡ ಅಪ್ಪನ ವರ್ಷದ ಎಡೆಗೆ. ಅವರು ದಿನಾ ತಿನ್ನುತ್ತಿದ್ದ ಎಲೆಯನ್ನೇ ಇಡಬೇಕೆಂದು ಅವ್ವನ ಹಟ. ಅದರಲ್ಲಿ ಏನಿರುತ್ತಿತ್ತು? ಯಾಲಕ್ಕಿ ಎಂದು ನನ್ನ ನೆನಪು. ಆದರೆ ಅಪ್ಪನ ದನಿಯನ್ನೇ ಹಿಡಿದಿಟ್ಟುಕೊಳ್ಳದ ನೆನಪನ್ನು ನಂಬುವುದು ಹೇಗೆ? ಅವ್ವ ಲವಂಗ ಎಂದಳು. ಮತ್ತೆ ‘ಅಲ್ಲೇನೋ’ ಎಂದಳು.

ಮಾವನನ್ನು ಕೇಳಿದೆ.

‘ಹ್ಯಾಂಗ ಹೇಳಲೋ? ನಿಮ್ಮಪ್ಪ ಎದುರ ನಿಂತ್ರ ಕೈಗೆ ತಿಳೀತಿತ್ತು. ಬಾಯಿಗೆ ಗೊತ್ತಿಲ್ಲ.’

ನಿಲ್ಲುವವರೇ ಇಲ್ಲವಲ್ಲ! ಮಾವ ಕಣ್ಣು ಮುಚ್ಚಿ ಕಟ್ಟಿದರು, ಬಿಚ್ಚಿದರು. ಮೂರು ಎಲೆ ಹಾಳಾದವು.

ಕೊನೆಗೆ ನಾನೇ ಎದುರು ನಿಂತೆ. ಹುಟ್ಟಿದಾಗಿನಿಂದ ಎಲೆ ತಿಂದವನಲ್ಲ. ನನ್ನದೆಂಬ ಬಗೆಯೇ ಇಲ್ಲ.

‘ಮಾವಾ, ಒಂದ್ ಎಲಿ ಕಟ್ರಿ.’

ಮಾವ ಮುಖ ನೋಡಿದರು. ಕೈ ಓಡಿತು. ಸುಣ್ಣ, ಅಡಿಕೆ ಚೂರು, ಒಣಕೊಬ್ಬರಿ, ಒಂದು ಚಿಟಿಕೆ ಓಂಕಾಳು. ಯಾಲಕ್ಕಿಯೂ ಇಲ್ಲ, ಲವಂಗವೂ ಇಲ್ಲ!

ಇದು ಅಪ್ಪನದೇ ಎಂಬುದಕ್ಕೆ ಆಧಾರ? ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಎಡೆಯ ಪದಾರ್ಥ ಮೂಸಬಾರದೆಂದು ನನ್ನನ್ನು ಸದಾ ಗದರುವ ಅವ್ವ ತಾನೇ ಮೂಸಿದಳು.

‘ಸಂಜೀಕ ಮನೀಗೆ ಬಂದ್ರ ಹಿಂಗ ನಾರತಿದ್ರು ನೋಡು.’

ಎಡೆ ತಣ್ಣಗಾಗುತ್ತಿತ್ತು. ಅವ್ವ ಆ ಎಲೆಯನ್ನು ಬಹಳ ಹೊತ್ತು ಕೈಯಿಂದ ಕೆಳಗಿಡಲೇ ಇಲ್ಲ.