ಉಡುಗೊರೆ ಬೇಡ ಎಂದು ಹಣ ಕೇಳಿದ ಕಥೆ

ಜನರಿಂದ ಚಂದಾ ಎತ್ತುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಮರುಕ. ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿರುವವಳು ನಾನು. ಧ್ವಜ ದಿನದ ಚೀಟಿ, ಪ್ರವಾಸದ ದುಡ್ಡು, ವಾರ್ಷಿಕೋತ್ಸವದ ಚಂದಾ, ಎಲ್ಲವನ್ನೂ ಬಾಯಿ ಬಿಡದೆ ಬರೀ ಕನ್ನಡಕದ ಮೇಲಿನಿಂದ ನೋಡಿಯೇ ವಸೂಲು ಮಾಡಿದ ಕೀರ್ತಿ ನನ್ನದು. ಅಂಥವಳಿಗೆ ಒಂದು ಪುಟ್ಟ ಸಿನಿಮಾಕ್ಕೆ ನಾಲ್ಕು ಜನರಿಂದ ಹಣ ಕೂಡಿಸುವುದು ಯಾವ ಮಹಾ ಕೆಲಸ?

“ನೀವಿಬ್ರೂ ಸಿನಿಮಾ ಕಡೆ ಗಮನ ಕೊಡಿ. ದುಡ್ಡಿನ ವಿಷ್ಯ ನನಗೆ ಬಿಟ್ಬಿಡಿ,” ಎಂದೆ.

ಅವರು ಬಿಟ್ಟರು. ಅಲ್ಲೇ ಎಡವಟ್ಟಾಯಿತು!

ಆ ಇಬ್ಬರು ಯಾರೆಂದು ಹೇಳಿಬಿಡುತ್ತೇನೆ. ಒಬ್ಬಳು ಮನ್‌ಮಾಯಾ. ನೇಪಾಳದವಳು. ಬಸವನಗುಡಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ಬ್ಯೂಟಿ ಪಾರ್ಲರಿನಲ್ಲಿ ಅವಳಿಗೆ ಕೆಲಸ. ಎರಡು ವರ್ಷದಿಂದ ಅವಳು ನನ್ನ ಹುಬ್ಬು ತಿದ್ದುತ್ತಿದ್ದಳು, ನಾನು ಅವಳ ಕನ್ನಡ ತಿದ್ದುತ್ತಿದ್ದೆ. ನೋವು ಇಬ್ಬರಿಗೂ ಸಮಸಮ. ಇನ್ನೊಬ್ಬಳು ನನ್ನ ತಂಗಿಯ ಮಗಳು ಅನಘಾ. ಹೊಟ್ಟೆಪಾಡಿಗೆ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾ, ತನ್ನದೇ ಒಂದು ಸಿನಿಮಾ ಮಾಡಬೇಕೆಂದು ಬಹಳ ದಿನಗಳಿಂದ ಕಾಯುತ್ತಿದ್ದವಳು.

ಒಂದು ಸಂಜೆ ನನ್ನ ಹುಬ್ಬು ಮುಗಿಸಿ ದಾರ ಸುತ್ತಿಡುತ್ತಾ ಮನ್‌ಮಾಯಾ ತನ್ನ ಮೊದಲ ದಿನಗಳ ಕಥೆ ಹೇಳಿದಳು. ಬೆಂಗಳೂರಿಗೆ ಬಂದ ಹೊಸತರಲ್ಲಿ ಮಾವಳ್ಳಿಯಲ್ಲಿ ಒಂದು ಕೋಣೆ ಹಿಡಿದು, ಕೆಲಸ ಕೇಳಿಕೊಂಡು ಮನೆಮನೆಯ ಬಾಗಿಲು ತಟ್ಟಿದಳಂತೆ. ಕನ್ನಡ ಒಂದಕ್ಷರ ಬಾರದು. ಬಾಗಿಲು ತೆರೆದವರೆಲ್ಲ ಹೇಳಿದ್ದು ಒಂದೇ ಮಾತು, “ಬೇಡ.” ಕೆಲವರು ಕೈಮುಗಿದು ಹೇಳಿದರು. ಈ ಊರಿನಲ್ಲಿ ನಮಸ್ಕಾರಕ್ಕೆ ‘ಬೇಡ’ ಅನ್ನುತ್ತಾರೆ ಎಂದುಕೊಂಡಳು ಮನ್‌ಮಾಯಾ! ಐದನೆಯ ದಿನ ಈ ಪಾರ್ಲರಿನ ಬಾಗಿಲಲ್ಲಿ ನಿಂತು, ನಗುನಗುತ್ತಾ ಕೈಮುಗಿದು, ಸ್ಪಷ್ಟವಾಗಿ “ಬೇಡ” ಎಂದಳಂತೆ. ಪಾರ್ಲರಿನ ಒಡತಿ ನಕ್ಕು ನಕ್ಕು ಸುಸ್ತಾಗಿ, ಮೊದಲು ಕುರ್ಚಿ ಕೊಟ್ಟು, ಆಮೇಲೆ ಕೆಲಸ ಕೊಟ್ಟಳು.

ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಅನಘಾಗೆ ಹೇಳಿದೆ. “ದೊಡ್ಡಮ್ಮ, ಇದೇ ನನ್ನ ಸಿನಿಮಾ!” ಎಂದು ಎದ್ದು ನಿಂತಳು. ಕಥೆ ಬರೆಯುವುದು ನಾನು, ಚಿತ್ರದ ಹೆಸರು ‘ಬೇಡ’, ನಟಿಸುವುದು ಸ್ವತಃ ಮನ್‌ಮಾಯಾ. ಅವಳು ಒಪ್ಪಲು ಒಂದು ಕಾರಣವಿತ್ತು. ಹತ್ತು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು.

“ಅಮ್ಮ ಅಲ್ಲಿ ಏನ್ಮಾಡ್ತಾಳೆ ಅಂತ ಕೇಳ್ತಾಳೆ ಟೀಚರ್. ಫೋನಲ್ಲಿ ಹೇಳಿದ್ರೆ ಗೊತ್ತಾಗಲ್ಲ. ದಸರಾಕ್ಕೆ ಊರಿಗೆ ಹೋದಾಗ ತೋರಿಸ್ಬೇಕು,” ಎಂದಳು.

ಇನ್ನು ಬೇಕಿದ್ದದ್ದು ಕ್ಯಾಮೆರಾದ ಬಾಡಿಗೆ, ಧ್ವನಿ ಹಿಡಿಯುವವರ ಸಂಬಳ, ಊಟ ತಿಂಡಿಯ ಖರ್ಚು. ಅನಘಾ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆದು, ಇಷ್ಟವಿದ್ದವರು ಕೈಲಾದಷ್ಟು ಕೊಡಲಿ ಎಂದು ಲಿಂಕ್ ಮಾಡಿಕೊಟ್ಟಳು. ಇದಕ್ಕೆ ಕ್ರೌಡ್‌ಫಂಡಿಂಗ್ ಎನ್ನುತ್ತಾರಂತೆ. ನಾನು ಅದನ್ನು ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಉದ್ದುದ್ದ ಬರೆದರೆ ಯಾರೂ ಓದುವುದಿಲ್ಲವೆಂದು ಸಂಕ್ಷಿಪ್ತವಾಗಿ ಬರೆದೆ: “ನಾನು ವಿಮಲಾ. ತುರ್ತಾಗಿ ಹಣ ಬೇಕಾಗಿದೆ. ದಯವಿಟ್ಟು ಈ ಲಿಂಕ್ ಒತ್ತಿ.”

ಎರಡು ನಿಮಿಷದಲ್ಲಿ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು!

ಒಳಕೋಣೆಯಿಂದ ನಮ್ಮ ಯಜಮಾನರು ಓಡಿಬಂದರು. “ವಿಮಲಾ, ಫೋನ್ ಮುಟ್ಬೇಡ! ಹ್ಯಾಕ್ ಆಗಿದೆ! ಯಾರೋ ನಿನ್ನ ಹೆಸರಲ್ಲಿ ದುಡ್ಡು ಕೇಳ್ತಿದಾರೆ!”

“ನಾನೇ ರೀ ಕೇಳಿದ್ದು.”

ಅವರು ತಮ್ಮ ಫೋನನ್ನು ನೋಡಿಕೊಂಡರು. “ಹೌದಾ? ನಾನು ನಿನ್ನ ಬ್ಲಾಕ್ ಮಾಡ್ಬಿಟ್ಟೆ,” ಎಂದರು.

ಲಿಂಕ್ ಒತ್ತಿದರೆ ದುಡ್ಡು ಹೋಗುತ್ತದೆ ಎಂದು ಎಲ್ಲರೂ ಹೆದರಿದ್ದರು. ದುಡ್ಡು ಹೋಗಲಿ ಎಂಬುದೇ ನಮ್ಮ ಲಿಂಕಿನ ಉದ್ದೇಶವಾಗಿತ್ತಲ್ಲ!

ಆದರೂ ನನ್ನ ಆತ್ಮವಿಶ್ವಾಸ ಕುಗ್ಗಲಿಲ್ಲ. ನಮ್ಮ ಜನ ಫೋನನ್ನು ನಂಬುವುದಿಲ್ಲ, ಅಚ್ಚಾದ ಕಾಗದವನ್ನು ನಂಬುತ್ತಾರೆ ಎಂಬ ಸತ್ಯ ಹೊಳೆಯಿತು. ಚಿತ್ರದ ಮುಹೂರ್ತಕ್ಕೆ ಹತ್ತಿರದವರನ್ನು ಮನೆಗೆ ಕರೆದು, ಆಹ್ವಾನ ಪತ್ರಿಕೆಯಲ್ಲೇ ಹಣ ಕಳಿಸುವ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದರಾಯಿತು! ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟಿರುವ ರುದ್ರೇಶ ನನ್ನ ಹಳೆಯ ವಿದ್ಯಾರ್ಥಿ. ಮುಹೂರ್ತದ ಪತ್ರಿಕೆ ಬೇಕೆಂದು ಕ್ಯೂಆರ್ ಕೋಡಿನ ಜೊತೆ ಅವನಿಗೆ ಮೆಸೇಜ್ ಕಳಿಸಿದೆ. ನಾನು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದಾಗ ಅವನೇ ಫೋನ್ ಮಾಡಿದ. ಕಾರಿಡಾರಿನಲ್ಲಿ ನಿಂತು ಪಿಸುದನಿಯಲ್ಲಿ ಅವನು ಕೇಳಿದ್ದಕ್ಕಷ್ಟೇ ಉತ್ತರ ಹೇಳಿದೆ.

“ಮಿಸ್, ಹುಡುಗಿ ಹೆಸರು?”

“ಮನ್‌ಮಾಯಾ.”

“ಮುಹೂರ್ತ ಎಷ್ಟೊತ್ತಿಗೆ?”

“ಭಾನುವಾರ ಹತ್ತೂವರೆಗೆ. ನಮ್ಮನೇಲೇ.”

“ಊಟ ಇದ್ಯಾ ಮಿಸ್?”

“ಬಂದವರನ್ನ ಹಾಗೇ ಕಳಿಸ್ತೀವಾ? ಏನಾದ್ರೂ ಇದ್ದೇ ಇರುತ್ತೆ.”

“ಹುಡುಗನ ಹೆಸರು?”

“ಹುಡುಗ ಯಾರೂ ಇಲ್ಲಪ್ಪ. ಅವಳೊಬ್ಳೇ.”

“ಸರಿ ಮಿಸ್. ಕಾಲ ಬದಲಾಗಿದೆ,” ಎಂದ ರುದ್ರೇಶ. “ಮೇಲ್ಗಡೆ ದೊಡ್ಡದಾಗಿ ಏನ್ ಹಾಕ್ಲಿ?”

“ಬೇಡ.”

“ಏನೂ ಬೇಡ್ವಾ?”

“ಅಲ್ಲಪ್ಪ, ‘ಬೇಡ’ ಅಂತಾನೇ ಹಾಕು. ಚಿನ್ನದ ಬಣ್ಣದಲ್ಲಿ.”

ಅಚ್ಚಿಗೆ ಮೊದಲು ಅವನು ಕರಡು ಪ್ರತಿಯನ್ನು ಫೋನಿಗೆ ಕಳಿಸಿದ. ಕನ್ನಡ ಶಿಕ್ಷಕಿಯ ಕೈಗೆ ಬಂದ ಬರಹ ತಿದ್ದದೆ ಹೋಗುವುದುಂಟೇ? ಕಾಗುಣಿತವನ್ನು ಒಂದೊಂದಾಗಿ ನೋಡಿದೆ. ಕಟ್ಟಕಡೆಯ ಸಾಲಿನಲ್ಲಿ ‘ಆಶಿರ್ವಾದ’ ಎಂದಿತ್ತು. “ಶೀ ದೀರ್ಘ ಕಣೋ! ನಿನಗೆ ಎಷ್ಟು ಸಲ ಹೇಳ್ಕೊಟ್ಟಿದೀನಿ?” ಎಂದು ಗದರಿ ತಿದ್ದಿಸಿದೆ. ಆ ಸಾಲಿನ ಅರ್ಥವೇನೆಂದು ನೋಡುವ ಗೋಜಿಗೆ ಹೋಗಲಿಲ್ಲ. ಅರ್ಥ ನೋಡುವುದು ಓದುಗರ ಕೆಲಸ!

ಪತ್ರಿಕೆಗಳು ಲಕೋಟೆಯಲ್ಲಿ ಸೇರಿ, ಮೂಲೆಗೆ ಅರಿಶಿನ ಹಚ್ಚಿಕೊಂಡು ಬಂದವು. ಅಭ್ಯಾಸಬಲ ಎಂದುಕೊಂಡೆ. ಎರಡು ಸಂಜೆ ಮನೆಮನೆಗೆ ಹೋಗಿ ಹಂಚಿದೆ. “ಖಂಡಿತಾ ಬರ್ಬೇಕು. ಹುಡುಗಿಗೆ ಈ ಊರಲ್ಲಿ ತನ್ನೋರು ಅಂತ ಯಾರೂ ಇಲ್ಲ. ನಾವೇ ನಿಂತು ಮಾಡ್ತಿದೀವಿ,” ಎಂದೆ. ಎಷ್ಟೋ ಜನರ ಕಣ್ಣು ಒದ್ದೆಯಾಯಿತು. ಸಿನಿಮಾ ಕಲೆಯ ಮೇಲೆ ನಮ್ಮ ಜನಕ್ಕೆ ಇಷ್ಟು ಪ್ರೀತಿಯೇ ಎಂದು ನನ್ನ ಕಣ್ಣೂ ಒದ್ದೆಯಾಯಿತು.

ಭಾನುವಾರ ಹದಿನೈದು ಜನಕ್ಕಾಗುವಷ್ಟು ಕಡಲೆಕಾಳಿನ ಉಸಲಿ ಮಾಡಿ, ಕಾಫಿ ಡಿಕಾಕ್ಷನ್ ಇಳಿಸಿಟ್ಟು ಕಾದೆ. ಹತ್ತು ಗಂಟೆಗೆ ಆಟೋಗಳು ಬರತೊಡಗಿದವು. ಇಳಿದವರೆಲ್ಲ ರೇಷ್ಮೆ ಸೀರೆಯವರು! ಪಕ್ಕದ ರಸ್ತೆಯ ಪದ್ಮಮ್ಮನವರು, ಎಂಬತ್ತು ದಾಟಿದವರು, ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಬಂದು ಹಜಾರದ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಹಜಾರ ತುಂಬಿತು. ವರಾಂಡ ತುಂಬಿತು. ಮೆಟ್ಟಿಲ ಮೇಲೆಲ್ಲ ಜನ.

“ಹುಡುಗ ಎಲ್ಲಮ್ಮಾ?” ಎಂದರು ಪದ್ಮಮ್ಮನವರು. ನಾನು ಬಾಯಿ ತೆರೆಯುವ ಮೊದಲೇ, ಕೂದಲು ಮೋಟಾಗಿ ಕತ್ತರಿಸಿ, ಜುಬ್ಬ ತೊಟ್ಟು ಕ್ಯಾಮೆರಾ ಹಿಂದೆ ನಿಂತಿದ್ದ ಅನಘಾಳನ್ನು ಕಂಡು, “ಇವನೇನಾ? ಲಕ್ಷಣವಾಗಿದಾನೆ. ಸ್ವಲ್ಪ ಸಣ್ಣ,” ಎಂದು ತೀರ್ಪು ಕೊಟ್ಟರು.

ಯಜಮಾನರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪತ್ರಿಕೆಯನ್ನು ಮೆಲುದನಿಯಲ್ಲಿ ಓದಿದರು. ಮೇಲೆ ಗಣಪತಿ. ಕೆಳಗೆ ಚಿನ್ನದ ಅಕ್ಷರದಲ್ಲಿ ‘ಬೇಡ’. “ಚಿ॥ ಸೌ॥ ಮನ್‌ಮಾಯಾ ಇವರ ಶುಭ ಮುಹೂರ್ತ. ಭೋಜನ ಹನ್ನೆರಡೂವರೆಗೆ.” ಕಟ್ಟಕಡೆಗೆ, “ಆಶೀರ್ವಾದವೇ ಉಡುಗೊರೆ.”

“ದುಡ್ಡು ಕೇಳೋ ಪತ್ರಿಕೇಲಿ ಉಡುಗೊರೆ ಕೊಡಬೇಡಿ ಅಂತ ಹಾಕಿಸಿದೀಯಲ್ಲೇ!”

“ದೀರ್ಘ ಸರಿಯಾಗಿದೆ ತಾನೇ?” ಎಂದೆ. ಕ್ಯೂಆರ್ ಕೋಡನ್ನೂ ರುದ್ರೇಶ ಪ್ರೀತಿಯಿಂದ ಚಿನ್ನದ ಬಣ್ಣದಲ್ಲೇ ಒತ್ತಿದ್ದ. ಫೋನು ಹಿಡಿದರೆ ಅದು ಮಿಂಚುತ್ತಿತ್ತೇ ಹೊರತು ಕೆಲಸ ಮಾಡುತ್ತಿರಲಿಲ್ಲ.

ಹೊರಗೆ ಬಂದು ಕಾಲುಮಣೆಯ ಮೇಲೆ ಹತ್ತಿ ನಿಂತು ಸತ್ಯ ಹೇಳಿದೆ. ಇದು ಮದುವೆಯಲ್ಲ, ಸಿನಿಮಾದ ಮುಹೂರ್ತ. ಕರೆದದ್ದು ಸಹಾಯ ಕೇಳಲಿಕ್ಕೆ. ಊಟ ಇಲ್ಲ, ಉಸಲಿ ಇದೆ, ಅದೂ ಹದಿನೈದು ಜನಕ್ಕೆ. ತಪ್ಪೆಲ್ಲ ನನ್ನದು. ಇಷ್ಟು ಹೇಳುವಷ್ಟರಲ್ಲಿ ನನಗೆ ಬೆವರಿಳಿಯಿತು. ಎಲ್ಲರೂ ಕತ್ತೆತ್ತಿ ನನ್ನನ್ನೇ ನೋಡಿದರು. ಇಪ್ಪತ್ತಾರು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳಿಗೆ, ಮೇಲಿನಿಂದ ನೋಟ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು.

ಆಗ ಮನ್‌ಮಾಯಾ ಮುಂದೆ ಬಂದಳು. “ಟೀಚರ್‌ಗೆ ಬೈಬೇಡಿ. ನನಗೋಸ್ಕರ ಮಾಡಿದ್ದು,” ಎಂದು ಶುರುಮಾಡಿ, ಬಾಗಿಲು ಬಾಗಿಲಿಗೆ ಕೆಲಸ ಕೇಳಿದ್ದು, ‘ಬೇಡ’ ಎಂದರೆ ನಮಸ್ಕಾರ ಎಂದುಕೊಂಡದ್ದು, ಎಲ್ಲವನ್ನೂ ಹೇಳಿದಳು. ಹಜಾರವೆಲ್ಲ ನಕ್ಕಿತು.

ಪದ್ಮಮ್ಮನವರು ಮಾತ್ರ ಅವಳನ್ನೇ ನೋಡುತ್ತಿದ್ದರು. “ನಮ್ಮನೆ ಬಾಗ್ಲಿಗೂ ಬಂದಿದ್ಯಾ ಮಗು?”

ಮನ್‌ಮಾಯಾ ತಡವರಿಸಿದಳು. “ಹಸಿರು ಗೇಟು ಅಲ್ವಾ ಅಜ್ಜಿ? ಬಂದಿದ್ದೆ.”

“ನಾನೂ ಬೇಡ ಅಂದ್ನಾ?”

“ನೀವು ಕೈಮುಗಿದು ಅಂದ್ರಿ. ಅದನ್ನ ನೋಡೇ ನಾನು ಕಲಿತಿದ್ದು.”

ಪದ್ಮಮ್ಮನವರು ಸೆರಗಿನಿಂದ ಕಣ್ಣೊತ್ತಿಕೊಂಡು, ನನ್ನ ಕಡೆ ತಿರುಗಿ, “ವಿಮಲಾ, ಆ ಗೇಟಲ್ಲೇ ಸಿನಿಮಾ ತೆಗೀರಿ. ಬೇಡ ಅನ್ನೋ ಮಾತನ್ನ ನಾನೇ ಹೇಳ್ತೀನಿ. ಈಗ ಕೆಳಗಿಳಿ, ಅಕ್ಕಿ ಎಲ್ಲಿದೆ ತೋರ್ಸು,” ಎಂದರು.

ರೇಷ್ಮೆ ಸೆರಗುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳೆಂಟು ಹೆಂಗಸರು ನನ್ನ ಅಡುಗೆಮನೆಗೆ ನುಗ್ಗಿದರು. ಯಜಮಾನರನ್ನು ಗಾಂಧಿಬಜಾರಿಗೆ ಎಲೆ, ನಿಂಬೆಹಣ್ಣು ತರಲು ಅಟ್ಟಿದರು. ಅಕ್ಕಪಕ್ಕದ ಮನೆಗಳಿಂದ ಪಾತ್ರೆ ಬಂದವು, ಮೊಸರು ಬಂತು. ಚಿತ್ರಾನ್ನ, ಕೋಸಂಬರಿ, ಮೊಸರನ್ನ! ನನ್ನ ಉಸಲಿಯನ್ನು ಪ್ರಸಾದದಂತೆ ಚಮಚದ ಲೆಕ್ಕದಲ್ಲಿ ಬಡಿಸಿದರು. ಅದು ಸಾಲದೆಂದು ಯಾರೂ ದೂರಲಿಲ್ಲ. ಉಪ್ಪು ಹೆಚ್ಚಾಗಿತ್ತಂತೆ.

ಎಲೆ ಎತ್ತಿದ ಮೇಲೆ ಇನ್ನೊಂದು ಸೋಜಿಗ. ಉಡುಗೊರೆ ಬೇಡವೆಂದು ಅಚ್ಚಾಗಿದ್ದರೂ ಬರಿಗೈಯಲ್ಲಿ ಹೋಗುವುದು ಹೇಗೆಂದು ಪ್ರತಿಯೊಬ್ಬರೂ ಮುಯ್ಯಿಯ ಕವರ್ ತಂದಿದ್ದರು! ಮದುವೆಯೇ ಇಲ್ಲವಲ್ಲ ಎಂದು ಯಾರೂ ಅದನ್ನು ವಾಪಸು ಒಯ್ಯಲಿಲ್ಲ. ಮನ್‌ಮಾಯಾಗೆ ಕುಂಕುಮವಿಟ್ಟು, ಕವರನ್ನು ಕೈಗಿತ್ತು, “ಸಿನಿಮಾ ಚೆನ್ನಾಗಿ ಮಾಡಮ್ಮ,” ಎಂದು ಹರಸಿ ಹೋದರು. ಕ್ಯಾಮೆರಾ ಬಾಡಿಗೆ ದಾಟಿ ಊಟದ ಖರ್ಚಿಗೂ ಆಗುವಷ್ಟು ಹಣ ಕೂಡಿತು. ನಾನು ಜಾಣತನದಿಂದ ಕೇಳಿದಾಗ ಬಾರದ ದುಡ್ಡು, ನನ್ನ ಪೆದ್ದುತನಕ್ಕೆ ಬಂತು.

ಚಿತ್ರೀಕರಣ ಹಸಿರು ಗೇಟಿನಲ್ಲೇ ಶುರುವಾಯಿತು. ತೊಂದರೆ ಒಂದೇ. ಪದ್ಮಮ್ಮನವರಿಗೆ ‘ಬೇಡ’ ಎನ್ನಲು ಬಾಯಿ ಬರಲೊಲ್ಲದು! ಮನ್‌ಮಾಯಾ ಗೇಟು ತಟ್ಟಿದ ಕೂಡಲೇ, “ಬಾಮ್ಮಾ ಒಳಗೆ, ಕಾಫಿ ಕುಡೀತೀಯಾ?” ಎಂದುಬಿಡುತ್ತಿದ್ದರು.

“ಅಜ್ಜಿ, ಬೇಡ ಅನ್ಬೇಕು,” ಎಂದಳು ಅನಘಾ.

“ಒಂದು ಸಲ ಅಂದಿದ್ದೇ ಸಾಕಾಗಿದೆ ಕಣೇ!”

ಒಂಬತ್ತನೆಯ ಸಲಕ್ಕೆ ಅಂತೂ ಹೇಳಿದರು. ‘ಕಟ್’ ಎಂದ ತಕ್ಷಣ ಓಡಿಬಂದು ಅವಳನ್ನು ತಬ್ಬಿಕೊಂಡರು.

ಚಿತ್ರದಲ್ಲಿ ಒಬ್ಬ ಕನ್ನಡ ಟೀಚರಿನ ಪಾತ್ರವೂ ಇತ್ತು. “ದೊಡ್ಡಮ್ಮ, ನೀನೇ ಮಾಡು. ದಿನಾ ಮಾಡೋದೇ ತಾನೇ?” ಎಂದಳು ಅನಘಾ. ನನ್ನ ಪಾತ್ರಕ್ಕೆ ನನಗೇಕೆ ಅಭ್ಯಾಸ ಎಂದು ನೇರವಾಗಿ ಕ್ಯಾಮೆರಾ ಮುಂದೆ ಹೋಗಿ ನಿಂತೆ. ಒಂದೊಂದು ಅಕ್ಷರವನ್ನೂ ತಡೆದು ತಡೆದು, ಬಿಡಿಸಿ ಬಿಡಿಸಿ ಹೇಳಿದೆ; ಉಚ್ಚಾರಣೆಯಲ್ಲಿ ತಪ್ಪಾಗಬಾರದಲ್ಲ!

ದಸರಾಕ್ಕೆ ಮನ್‌ಮಾಯಾ ಊರಿಗೆ ಹೋದಳು. ಮಗಳು ಚಿತ್ರವನ್ನು ಬಿಡದೆ ನಾಲ್ಕು ಸಲ ನೋಡಿ, ಅಮ್ಮನ ಮಡಿಲಿನಿಂದ ಏಳಲೇ ಇಲ್ಲವಂತೆ. ಆ ಸುದ್ದಿ ಹಿಡಿದು ಹಣ ಕೊಟ್ಟವರ ಮನೆಗಳಿಗೆಲ್ಲ ಹೋಗಿ ಕೃತಜ್ಞತೆ ಹೇಳಿ ಬಂದೆ. ಈ ಸಲ ಬಾಯಿಮಾತಿನಲ್ಲೇ ಹೇಳಿದೆ, ಏನೂ ಅಚ್ಚು ಹಾಕಿಸಲಿಲ್ಲ.

ಅವಳು ಮರಳಿ ಬಂದ ಮೇಲೆ ಒಂದು ಚಿಕ್ಕ ಸಭಾಂಗಣದಲ್ಲಿ ಎಲ್ಲರಿಗೂ ಚಿತ್ರ ತೋರಿಸಿದೆವು. ಚಪ್ಪಾಳೆ ನಿಂತ ಮೇಲೆ ಮಲ್ಲೇಶ್ವರದಿಂದ ಬಂದಿದ್ದ ಹಿರಿಯರೊಬ್ಬರು ಮನ್‌ಮಾಯಾಳ ಬಳಿ ಬಂದರು.

“ಎಷ್ಟು ಸಹಜವಾಗಿ ಕನ್ನಡ ಮಾತಾಡ್ತೀರಮ್ಮಾ! ನಮ್ಮನೆ ಮಗಳೇ ಮಾತಾಡಿದ ಹಾಗಿತ್ತು,” ಎಂದರು. ಕಲಿಸಿದವಳು ಪಕ್ಕದಲ್ಲೇ ಇದ್ದಾಳೆಂದು ತಿಳಿಯಲಿ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

ಅವರು ನನ್ನನ್ನು ನೋಡಿ, ಕನಿಕರದಿಂದ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. “ನೀವು... ಟೀಚರ್ ಪಾತ್ರ... ಮಾಡಿದವರಲ್ವಾ? ಯಾವ ದೇಶದವರು ನೀವು? ಸಂಕೋಚ ಪಟ್ಕೋಬೇಡಿ. ಮಾತಾಡ್ತಾ ಮಾತಾಡ್ತಾ ಕನ್ನಡ ಬರುತ್ತೆ.”

ಮನ್‌ಮಾಯಾ ನನ್ನ ಭುಜದ ಮೇಲೆ ಕೈಯಿಟ್ಟು, ಬಹಳ ಗಂಭೀರವಾಗಿ ಹೇಳಿದಳು: “ನಾನು ಹೇಳ್ಕೊಡ್ತಿದೀನಿ ಸರ್. ಕಲೀತಾರೆ.”