ಹೊಟ್ಟೆಕಿಚ್ಚಿನಲ್ಲಿ ಹುರಿದ ಸಿಗಡಿ

ಸಿರಿಲ್ ಹೋಲ್ಡನ್‌ನ ನೆಮ್ಮದಿ ಕೆಡಿಸಿದ್ದು ಒಂದು ನೀಲಿ ಬಟ್ಟಲು.

ಬಟ್ಟಲು ಪಕ್ಕದ ಮನೆಯ ಟೆರೆನ್ಸನದು. ಪ್ರತಿ ಶುಕ್ರವಾರ ಸಂಜೆ ಅದು ಹಿತ್ತಲ ಗೋಡೆಯ ಮೇಲಿಂದ ತುಂಬಿ ಬರುತ್ತಿತ್ತು, ಶನಿವಾರ ಬೆಳಿಗ್ಗೆ ಅದೇ ಗೋಡೆಯ ಮೇಲಿಂದ ಬರಿದಾಗಿ ಹೋಗುತ್ತಿತ್ತು. ಬರುವಾಗ ಅದರಲ್ಲಿ ಚೈನೀಸ್ ಅಂಗಡಿಯವರ ಶೈಲಿಯಲ್ಲಿ ಟೆರೆನ್ಸ್ ಕೈಯಾರೆ ಹುರಿದ ಸಿಗಡಿ. ಹೋಗುವಾಗ ಅದರ ಜೊತೆಗೆ ಸಿರಿಲ್‌ನ ಹೆಂಡತಿ ಎನಿಡ್‌ಳ ಒಂದು ಮಾತು: "ಅದ್ಭುತ, ಟೆರೆನ್ಸ್. ನಿಜವಾಗ್ಲೂ ಅದ್ಭುತ."

ಈ ಅದ್ಭುತವು ಸಿರಿಲ್‌ನನ್ನು ಭೂತದಂತೆ ಹಿಡಿದುಕೊಂಡಿತು. ಮದುವೆಯಾದಾಗಿನಿಂದ ಅವನು ಎನಿಡ್‌ಗೆ ಭಾನುವಾರದ ಮೊಟ್ಟೆ ಕರಿದುಕೊಟ್ಟವನು, ಜ್ವರ ಬಂದಾಗ ಸೂಪು ಕಾಯಿಸಿಕೊಟ್ಟವನು, ಪ್ರತಿ ಶುಕ್ರವಾರ ಮಿಸೆಸ್ ಲಾವ್ ಅವರ 'ಗೋಲ್ಡನ್ ಬೋಟ್' ಅಂಗಡಿಯಿಂದ ಸಿಗಡಿ ಪೊಟ್ಟಣವನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡು, ಆರದ ಹಾಗೆ ಹೊತ್ತು ತಂದವನು. ಇಷ್ಟಕ್ಕೆಲ್ಲ ಅವಳು ದಯಪಾಲಿಸಿದ್ದು ಒಂದೇ ಬಿರುದು: "ಅಡ್ಡಿಯಿಲ್ಲ."

ನಿನ್ನೆ ಮೊನ್ನೆ ಬಂದ ಟೆರೆನ್ಸನಿಗೆ ಅದ್ಭುತ, ಅದೂ ಜೋಡಿ ಅದ್ಭುತ.

ಟೆರೆನ್ಸನ ಮನೆತನದ ಹೆಸರು ವಿಟಲ್. ಹೆಸರಿಗೆ ತಕ್ಕಂತೆ ಅವನು ಇಟ್ಟಿಗೆಯ ಮೇಲೆಯೇ ನಿಲ್ಲುತ್ತಿದ್ದ. ಆಳು ಕುಳ್ಳ, ಗೋಡೆ ಎತ್ತರ. ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ಎನಿಡ್‌ಗೆ ದರ್ಶನ ಕೊಡುತ್ತಿದ್ದ. ಅವನು ಸಿಗಡಿ ಕೊಡಲು ಶುರು ಮಾಡಿದ ಮೇಲೆ ಸಿರಿಲ್ ಮುನಿಸಿಕೊಂಡು ಗೋಲ್ಡನ್ ಬೋಟ್‌ಗೆ ಹೋಗುವುದನ್ನೇ ಬಿಟ್ಟ. ಬಟ್ಟಲು ಬಂದರೆ "ನಂಗೆ ಈಚೆಗೆ ಸಿಗಡಿ ಒಗ್ಗಲ್ಲ" ಎಂದು ಬ್ರೆಡ್ಡಿಗೆ ಚೀಸು ಒತ್ತಿಕೊಂಡು ಮೂಲೆ ಹಿಡಿಯುತ್ತಿದ್ದ. ಎನಿಡ್ ಬಟ್ಟಲು ಹಿಡಿದು, ಗಾಳಿಯಲ್ಲಿ ಕೂತು ತಿನ್ನುತ್ತೇನೆಂದು ಹಿತ್ತಲಿಗೆ ಹೋಗುತ್ತಿದ್ದಳು. ಮರಳಿ ತಂದಾಗ ಬಟ್ಟಲು ನೆಕ್ಕಿ ಇಟ್ಟಂತೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪು ಕಂಡಾಗಲೆಲ್ಲ ಸಿರಿಲ್‌ನ ಹೊಟ್ಟೆಯಲ್ಲಿ ಚೀಸು ಕರಗುತ್ತಿತ್ತು.

ಈ ಶುಕ್ರವಾರ ಎನಿಡ್ ದಂತವೈದ್ಯರ ಕ್ಲಿನಿಕ್ಕಿಗೆ, ತನ್ನ ಕೆಲಸಕ್ಕೆ, ಹೊರಟಾಗ ಸಿರಿಲ್ ಬಾಗಿಲಲ್ಲಿ ಅಡ್ಡ ನಿಂತ.

"ಇವತ್ತು ಟೆರೆನ್ಸನ ಬಟ್ಟಲು ಬೇಡ ಅಂದ್ಬಿಡು. ಸಿಗಡಿ ನಾನು ಮಾಡ್ತೀನಿ."

ಎನಿಡ್ ಅವನ ಹಣೆ ಮುಟ್ಟಿ ನೋಡಿದಳು. "ಸಿಗಡಿ ಒಗ್ಗಲ್ಲ ಅಂದಿದ್ದೆ?"

"ಮಾಡೋಕೆ ಒಗ್ಗತ್ತೆ."

ಅವಳು ಹೊರಟ ಮೇಲೆ ಸಿರಿಲ್ ಕನ್ನಡಿಯ ಮುಂದೆ ನಿಂತು, ಹುಬ್ಬು ಏರಿಸಿ, ಕೊರಳು ಓರೆ ಮಾಡಿ, ಎನಿಡ್‌ಳ ದನಿ ತೆಗೆದು "ಅದ್ಭುತ, ಸಿರಿಲ್" ಎಂದು ನೋಡಿದ. ಕೇಳಲು ಹಿತವಾಗಿತ್ತು. ಬೆಕ್ಕು ಮಾತ್ರ ಗಾಬರಿಯಿಂದ ಸೋಫಾದ ಕೆಳಗೆ ನುಗ್ಗಲು ಹೋಗಿ ಸಿಕ್ಕಿಕೊಂಡಿತು. ಬೆಕ್ಕಿನ ಹೆಸರು ಮೇಜರ್. ಈ ನಡುವೆ ಅದು ಊದಿ ತಲೆದಿಂಬಿನಂತಾಗಿತ್ತು. ವಯಸ್ಸಾಯಿತಲ್ಲ, ಅದಕ್ಕೇ ಎಂದು ಎನಿಡ್ ಹೇಳಿದ್ದಳು.

ಸಿರಿಲ್ ಮೊದಲು ಹೋದದ್ದು ಗೋಲ್ಡನ್ ಬೋಟ್‌ಗೆ. ಅಷ್ಟು ದಿನ ನಾಪತ್ತೆಯಾಗಿದ್ದವನನ್ನು ಕಂಡು ಮಿಸೆಸ್ ಲಾವ್ ಎಂದಿನಂತೆ ಸಿಗಡಿಯ ಪೊಟ್ಟಣಕ್ಕೆ ಕೈಹಾಕಿದರು. ಪೊಟ್ಟಣ ಬೇಡ, ಗುಟ್ಟು ಬೇಕು ಎಂದ ಸಿರಿಲ್. ಅವರ ಕೈ ಅಲ್ಲೇ ನಿಂತಿತು.

"ನೀವೆಲ್ಲ ಮನೇಲೇ ಮಾಡ್ಕೊಂಡ್ರೆ ನಾನು ಇಲ್ಲಿ ಕೂತು ಏನ್ಮಾಡ್ಲಿ ಸಿರಿಲ್‌ರೇ? ನಿಮ್ಮ ಬಸ್ ಓಡಿಸ್ಲಾ?"

ಸಿರಿಲ್ ನಿವೃತ್ತನಾಗುವವರೆಗೂ ಈ ಓಲ್ಡಮ್ ಊರಿನ ಏರುಬೀದಿಗಳಲ್ಲಿ ಬಸ್ಸು ಓಡಿಸಿದವನು. ಮಳೆಯಲ್ಲಿ ಎಷ್ಟೋ ಸಲ ಮಿಸೆಸ್ ಲಾವ್‌ಗಾಗಿ ನಿಲ್ದಾಣವಲ್ಲದ ಕಡೆಯೂ ಬ್ರೇಕು ಒತ್ತಿದ್ದ. ಅದನ್ನು ಮೆಲ್ಲಗೆ ನೆನಪಿಸಿದ. ಅವರು ನಿಟ್ಟುಸಿರುಬಿಟ್ಟು, ಗುಟ್ಟೇನೂ ಇಲ್ಲ, ಎಲ್ಲ ಉರಿಯಲ್ಲಿದೆ, ಮನೆಯ ಒಲೆಗೆ ಆ ಉರಿ ಬರುವುದಿಲ್ಲ ಎಂದರು.

"ಉರಿ ನನ್ನ ಹತ್ರ ಬೇಕಾದಷ್ಟಿದೆ" ಎಂದ ಸಿರಿಲ್, ಎದೆಯ ಕೆಳಗೆ ಕೈಯಿಟ್ಟುಕೊಂಡು. ಮಿಸೆಸ್ ಲಾವ್ ಅದನ್ನು ಅಜೀರ್ಣವೆಂದು ತಿಳಿದು ಶುಂಠಿಯ ತುಂಡೊಂದನ್ನು ಪುಕ್ಕಟೆ ಕೊಟ್ಟರು.

ಹೆಪ್ಪುಗಟ್ಟಿದ ಸಿಗಡಿ, ಈರುಳ್ಳಿಯ ತೆನೆ, ಸೋಯಾ ಸಾಸು ಎಲ್ಲ ಮಾರುಕಟ್ಟೆಯಲ್ಲಿ ಸಿಕ್ಕವು. ಸಿಗದೆ ಉಳಿದದ್ದು ಬಾಣಲೆ. ಚೀನಾದವರ ಆ ಗುಂಡುತಳದ ಬಾಣಲೆಗೆ ವಾಕ್ ಎನ್ನುತ್ತಾರೆ. ಎದುರುಮನೆಯ ಡೋರತಿ ಅಜ್ಜಿಯ ಬಳಿ ಒಂದು ಇದ್ದ ನೆನಪು. ಅಜ್ಜಿಗೆ ಕಿವಿ ಮಂದ, ನಾಲಿಗೆ ಚುರುಕು.

"ಅಜ್ಜಿ, ನಿಮ್ಮತ್ರ ವಾಕ್ ಇದೆಯಾ?"

"ಈ ಮಂಡಿ ಇಟ್ಕೊಂಡು ಇನ್ನೆಲ್ಲಿ ವಾಕು, ಮರಿ? ಬಾಗಿಲವರೆಗೆ ಬಂದ್ರೆ ಅದೇ ಹೆಚ್ಚು."

ಸಿರಿಲ್ ಗಾಳಿಯಲ್ಲಿ ಬಾಣಲೆ ಬರೆದು, ಸಟ್ಟುಗ ಆಡಿಸಿ ತೋರಿಸಿದ. ಅಜ್ಜಿ ಅರ್ಥಮಾಡಿಕೊಂಡು ಕಿಟಕಿಯ ಕೆಳಗಿನ ಹೂಗಿಡದ ಕಡೆ ಕೈ ತೋರಿದರು. ವಾಕ್ ಅಲ್ಲೇ ಇತ್ತು, ಒಳಗೆ ಜೆರೇನಿಯಂ ಅರಳಿತ್ತು. ಅಜ್ಜಿ ಗಿಡವನ್ನು ಬಕೆಟ್ಟಿಗೆ ವರ್ಗಾಯಿಸಿ, ವಾಕನ್ನು ಏಪ್ರನ್ನಿನಲ್ಲಿ ಒರೆಸಿ, ಕೇವಲ ಬಾಣಲೆ ಕೊಟ್ಟರೆ ಸಾಲದೆಂದು ತಾವೂ ಹಿಂದೆಯೇ ಹೊರಟುಬಂದರು. ಹೆಚ್ಚೆಂದರೆ ಬಾಗಿಲವರೆಗೆ ಎಂದಿದ್ದ ಮಂಡಿ ಬೀದಿ ದಾಟಿ, ಮೆಟ್ಟಿಲು ಹತ್ತಿ, ಸಿರಿಲ್‌ನ ಅಡುಗೆಮನೆಯ ಕುರ್ಚಿಯಲ್ಲಿ ಕೂತಿತು.

ಅಜ್ಜಿ ಕೂತಲ್ಲಿಂದಲೇ ಅಡುಗೆಯ ಆಡಳಿತ ವಹಿಸಿಕೊಂಡರು. ಸಾಸು ಗಟ್ಟಿಯಾಗಲು ಜೋಳದ ಹಿಟ್ಟು ಬೇಕಿತ್ತು, ಡಬ್ಬಿ ಖಾಲಿ. ಅದಕ್ಕೇಕೆ ಮತ್ತೆ ಅಂಗಡಿ ಎಂದ ಅಜ್ಜಿ ಬೀರುವಿನಿಂದ ಕಸ್ಟರ್ಡ್ ಪುಡಿಯ ಡಬ್ಬಿ ಇಳಿಸಿದರು.

"ಇದೂ ಜೋಳದ ಹಿಟ್ಟೇ, ಮರಿ. ಸ್ವಲ್ಪ ಬಣ್ಣ, ಅಷ್ಟೇ."

ಸ್ವಲ್ಪ ವೆನಿಲ್ಲಾ ಕೂಡ ಇದೆ ಎಂಬುದನ್ನು ಅಜ್ಜಿ ಹೇಳಲಿಲ್ಲ, ಸಿರಿಲ್ ಮೂಸಲಿಲ್ಲ. ಅವನ ಮೂಗು ಗೋಡೆಯಾಚೆಗೆ ನೆಟ್ಟಿತ್ತು. ಟೆರೆನ್ಸನ ಅಡುಗೆಮನೆಯಿಂದ ಸಿಹಿ ಹುಳಿ ಬೆರೆತ ವಾಸನೆ ತೇಲಿಬರುತ್ತಿತ್ತು. ಆ ಬೀದಿಯ ಮನೆಗಳು ಬಸ್ಸಿನ ಸೀಟಿನಂತೆ ಒಂದಕ್ಕೊಂದು ಅಂಟಿಕೊಂಡವು. ಒಬ್ಬರು ಸೀನಿದರೆ ಪಕ್ಕದವರು ಹರಸಬೇಕು.

ಸಿರಿಲ್ ಉರಿಯನ್ನು ಕೊನೆಯವರೆಗೆ ತಿರುಗಿಸಿ, ವಾಕ್ ಇಟ್ಟು, ಎಣ್ಣೆ ಸುರಿದ. ಸಿಗಡಿಯನ್ನು ಎತ್ತಿ ಹಾಕಿದ. ಚೊಂಯ್ ಎಂದಿತು. ಆಹಾ, ಗೋಲ್ಡನ್ ಬೋಟ್‌ನದೇ ಸದ್ದು. ಅಷ್ಟರಲ್ಲಿ ವಾಕ್‌ನ ತಳದಿಂದ ಮಣ್ಣಿನ ಹೆಂಟೆಯೊಂದು ಒಣಗಿ ಉದುರಿತು.

"ಅಜ್ಜಿ, ಇದಕ್ಕೇನಾದ್ರೂ ತೂತಿದೆಯಾ?"

"ಇರದೆ? ನೀರು ಇಳಿದುಹೋಗ್ದಿದ್ರೆ ಜೆರೇನಿಯಂ ಬೇರು ಕೊಳೆಯಲ್ವಾ?"

ಅಜ್ಜಿಯ ಮಾತು ಮುಗಿಯುವ ಮೊದಲೇ ಎಣ್ಣೆ ತೂತಿನಿಂದ ಒಲೆಗಿಳಿಯಿತು. ಭಗ್ಗೆಂದು ಜ್ವಾಲೆ ಎದ್ದು ಸಿರಿಲ್‌ನ ಹುಬ್ಬನ್ನು ಮುಟ್ಟಿ ಮಾತಾಡಿಸಿ ಹೋಯಿತು. ಮಿಸೆಸ್ ಲಾವ್ ಹೇಳಿದ ಉರಿ ಕೊನೆಗೂ ಬಂದಿತ್ತು. ಹೊಗೆ ಕಂಡರೆ ಕೂಗುವ ಚಾವಣಿಯ ಗಂಟೆ ಕಿರುಚತೊಡಗಿತು. ಸಿರಿಲ್ ಗ್ಯಾಸು ಆರಿಸಿ, ಪೊರಕೆಯ ಹಿಡಿಯಿಂದ ಗಂಟೆಗೆ ತಿವಿದ. ಅದು ಕಳಚಿ ವಾಕ್‌ಗೆ ಬಿದ್ದು, ಸಿಗಡಿಯ ನಡುವೆ ಕೂತು ಕಿರುಚಿತು. ಕಿವಿ ಮಂದವಾದ ಡೋರತಿ ಅಜ್ಜಿ, ಯಾರೋ ಬಾಗಿಲು ಬಡಿದ ಹಾಗಿದೆ ನೋಡು ಎಂದರು.

ಬಡಿದದ್ದು ನಿಜ. ಬೀದಿಯವರೆಲ್ಲ ಬಾಗಿಲಲ್ಲಿದ್ದರು. ಟೆರೆನ್ಸ್ ಇಟ್ಟಿಗೆ ಏರಿ ಗೋಡೆಯ ಮೇಲಿಂದ, ಬೆಂಕಿ ಇಂಜಿನ್ನಿಗೆ ಫೋನು ಮಾಡಲಾ, ಇಲ್ಲ ಸಿಗಡಿ ಕಳಿಸಲಾ ಎಂದು ವಿಚಾರಿಸಿದ.

"ಎರಡೂ ಬೇಡ" ಎಂದ ಸಿರಿಲ್. ದನಿಯಲ್ಲಿ ಇನ್ನೂ ಹೊಗೆಯಿತ್ತು.

ಎಲ್ಲರನ್ನೂ ಸಾಗಹಾಕಿ, ಗಂಟೆಯನ್ನು ಆರಿಸಿ ಎಸೆದು, ಉಳಿದ ಸಿಗಡಿಯನ್ನು ಎನಿಡ್‌ಳ ಚಪ್ಪಟೆ ಬಾಣಲೆಗೆ ವರ್ಗಾಯಿಸಿದ. ಸೋಯಾ, ಶುಂಠಿ, ಕಸ್ಟರ್ಡ್ ಪುಡಿ ಸೇರಿಸಿ ಕದಡಿದ. ಸಾಸ್ ಮಾಡುವ ಸಾಹಸ ಮುಗಿದಾಗ ಬಾಣಲೆಯಲ್ಲಿದ್ದದ್ದು ಹಳದಿ ಹೊಂಡದಲ್ಲಿ ಮುದುಡಿ ಮಲಗಿದ ಕರಿಯ ಕೊಕ್ಕೆಗಳು. ಪರಿಮಳ ಅರ್ಧ ಮೀನಿನ ಮಾರುಕಟ್ಟೆಯದು, ಅರ್ಧ ಹುಟ್ಟುಹಬ್ಬದ್ದು.

ರುಚಿ ನೋಡಲು ಸಿರಿಲ್‌ಗೆ ಧೈರ್ಯ ಬರಲಿಲ್ಲ. ಎನಿಡ್ ಬಂದೇಬಿಟ್ಟಳು.

ಅವಳು ಅವನ ಅರ್ಧ ಹುಬ್ಬನ್ನು ನೋಡಿದಳು, ಚಾವಣಿಯ ಮಸಿಯನ್ನು ನೋಡಿದಳು. ಫೋರ್ಕಿನಲ್ಲಿ ಒಂದು ಸಿಗಡಿ ಎತ್ತಿ ಬಾಯಿಗಿಟ್ಟಳು. ಅವಳು ಅಗಿದಳು. ಇನ್ನೂ ಅಗಿದಳು. ಕೊನೆಗೆ ನುಂಗಿದಳು.

"ಅದ್ಭುತ, ಸಿರಿಲ್. ನಿಜವಾಗ್ಲೂ ಅದ್ಭುತ."

ಸಿರಿಲ್‌ನ ಕಣ್ಣು ತುಂಬಿತು. ಅವಳು, ಒಳಗೆ ಹೊಗೆ, ಗಾಳಿಯಲ್ಲಿ ಕೂತು ತಿನ್ನುತ್ತೇನೆಂದು ತಟ್ಟೆ ಹಿಡಿದು ಹಿತ್ತಲಿಗೆ ಹೋದಳು. ಅವನು ಕುರ್ಚಿಯಲ್ಲಿ ರಾಜನಂತೆ ಒರಗಿದ. ಗೋಡೆಯಾಚೆ ಟೆರೆನ್ಸನಿಗೆ ಕೇಳಿಸಿರಬೇಕು, ಕೇಳಿಸಲಿ. ಈ ಸುಖವನ್ನು ಕಣ್ಣಾರೆ ಕಾಣಬೇಕೆನಿಸಿ, ಮೆಲ್ಲಗೆ ಎದ್ದು ಹಿತ್ತಲ ಬಾಗಿಲು ತೆಗೆದ.

ಎನಿಡ್ ಮೆಟ್ಟಿಲ ಮೇಲೆ ಕೂತಿದ್ದಳು. ತಟ್ಟೆ ನೆಲದ ಮೇಲಿತ್ತು. ತಟ್ಟೆಯ ಮುಂದೆ ಮೇಜರ್ ಕೂತಿತ್ತು. ಅದು ಒಮ್ಮೆ ಮೂಸಿತು, ಮುಂಗಾಲಿನಿಂದ ತಟ್ಟೆಯನ್ನು ಅತ್ತ ತಳ್ಳಿತು, ಇಲ್ಲದ ಮಣ್ಣನ್ನು ಕೆರೆದು ಅದರ ಮೇಲೆ ಮುಚ್ಚುವ ಅಭಿನಯ ಮಾಡಿತು.

"ಇದನ್ನ ಮುಟ್ತಾ ಇಲ್ಲ" ಎಂದಳು ಎನಿಡ್, ತಿರುಗಿ ನೋಡದೆ. "ಟೆರೆನ್ಸನದಾದ್ರೆ ಬಟ್ಟಲು ನೆಕ್ಕಿ ಇಡ್ತಿತ್ತು."

ಸಿರಿಲ್‌ಗೆ ಬೆಕ್ಕಿನ ಬೊಜ್ಜೂ ಬಟ್ಟಲಿನ ಹೊಳಪೂ ಒಟ್ಟಿಗೇ ಅರ್ಥವಾದವು. "ಅಂದ್ರೆ ನೀನು ಒಂದ್ಸಲಾನೂ...?"

"ಅವನು ಅದಕ್ಕೆ ಬ್ರೆಡ್ಡಿಗೆ ಹಚ್ಚೋ ಕಿತ್ತಳೆ ಮಾರ್ಮಲೇಡ್ ಸುರೀತಾನೆ, ಸಿರಿಲ್. ಯಾರು ತಿಂತಾರೆ?"

"ಮತ್ತೆ ಅದ್ಭುತ ಅಂದೆ?"

"ಪಕ್ಕದ ಮನೆಯವ್ರಿಗೆ ಇನ್ನೇನಂತ ಹೇಳ್ತಾರೆ? ಇಷ್ಟು ದಿನ ಖಾಲಿ ಹೊಟ್ಟೇಲಿ ಕೂತು, ಇವತ್ತಾದ್ರೂ ನೀನು ಗೋಲ್ಡನ್ ಬೋಟ್‌ಗೆ ಹೋಗ್ತೀಯಾ ಅಂತ ಕಾದೆ. ನೀನು ನೋಡಿದ್ರೆ ಚೀಸು ಹಿಡ್ಕೊಂಡು ಕೂರ್ತಿದ್ದೆ."

"ಆದ್ರೆ ನಂಗೂ ಅದನ್ನೇ ಅಂದ್ಯಲ್ಲ. ನಾನೇನು ಪಕ್ಕದ ಮನೆಯವ್ನಾ?"

ಎನಿಡ್ ಅವನ ಸುಟ್ಟ ಹುಬ್ಬನ್ನು ಹೆಬ್ಬೆರಳಿನಿಂದ ಸವರಿದಳು. "ನಿನ್ನ ಭಾನುವಾರದ ಮೊಟ್ಟೆಗೆ ಯಾವತ್ತಾದ್ರೂ ಅದ್ಭುತ ಅಂದಿದ್ದೀನಾ? ಇಲ್ವಲ್ಲ. ಅಡ್ಡಿಯಿಲ್ಲ ಅಂತೀನಿ. ಅದನ್ನ ನಾನು ಕಂಡಕಂಡವರಿಗೆಲ್ಲ ಹೇಳಲ್ಲ."

ಸಿರಿಲ್‌ಗೆ ಇದರಿಂದ ಸಂತೋಷವಾಗಬೇಕಿತ್ತು. ಆಗುವುದರಲ್ಲೂ ಇತ್ತು. ಆದರೆ ಅವನ ಕಣ್ಣು ಮತ್ತೆ ತಟ್ಟೆಯ ಮೇಲೆ ಬಿತ್ತು. ಟೆರೆನ್ಸನದನ್ನು ಬೆಕ್ಕಾದರೂ ತಿನ್ನುತ್ತಿತ್ತು.

ಅದೇ ಹೊತ್ತಿಗೆ ಗೋಡೆಯ ಮೇಲೆ ಮೊದಲು ನೀಲಿ ಬಟ್ಟಲು, ಅದರ ಹಿಂದೆ ಟೆರೆನ್ಸನ ಮುಖ ಮೂಡಿತು. ಮುಖ ಬಾಡಿತ್ತು.

"ಎಲ್ಲ ಕೇಳಿಸ್ತು ಕಣಯ್ಯಾ" ಎಂದ.

ಎನಿಡ್‌ಳ ಬಣ್ಣ ಇಳಿಯಿತು.

"ಅಡುಗೆಮನೆ ಗೋಡೇಲಿ ಕೇಳಿಸ್ತು. ನಂಗೆ ಹೇಳೋ ಹಾಗೇ ನಿಂಗೂ ಎರಡು ಸಲ ಅದ್ಭುತ ಅಂದ್ರು. ಮೊದಲ್ನೇ ಸಲ ಮಾಡಿದ್ದಕ್ಕೇ. ನಾನು ನಿದ್ದೆಗೆಟ್ಟು ಕಲಿತದ್ದು ಇದು, ಮಾರಾಯ. ಒಂದು ತುತ್ತು ಕೊಡು, ಅದೇನಿದೆ ನೋಡ್ತೀನಿ. ನೀನೂ ನನ್ನದು ತಿನ್ನು. ಇವತ್ತಿಗೂ ನೀನು ಮುಟ್ಟಿಲ್ಲ."

ಬಟ್ಟಲು ಈಚೆ ಬಂತು, ತಟ್ಟೆ ಆಚೆ ಹೋಯಿತು. ಸಿರಿಲ್ ಒಂದು ಸಿಗಡಿ ಬಾಯಿಗೆ ಹಾಕಿಕೊಂಡ. ಕಿತ್ತಳೆ ಸಿಪ್ಪೆ ಹಲ್ಲಿಗೆ ಸಿಕ್ಕಿತು, ಬೆಳಗಿನ ತಿಂಡಿಯೊಳಗೆ ಸಮುದ್ರ ನುಗ್ಗಿದಂತಾಯಿತು. ಎನಿಡ್ ಅವನ ಬೆನ್ನಿಗೆ ಬೆರಳಿನಿಂದ ಚುಚ್ಚಿದಳು.

"ಅದ್ಭುತ, ಟೆರೆನ್ಸ್" ಎಂದ ಸಿರಿಲ್. "ನಿಜವಾಗ್ಲೂ ಅದ್ಭುತ."

ಟೆರೆನ್ಸನ ಮುಖ ಅರಳಿತು. ಹಾಗಾದರೆ ಮುಂದಿನ ಶುಕ್ರವಾರದಿಂದ ಬಟ್ಟಲು ಎರಡು ಎಂದು ಘೋಷಿಸಿ, ಅದೇ ಉತ್ಸಾಹದಲ್ಲಿ ಸಿರಿಲ್‌ನ ಸಿಗಡಿಯನ್ನು ಬಾಯಿಗಿಟ್ಟ. ಅಗಿದ. ನಿಂತಿದ್ದ ಇಟ್ಟಿಗೆ ಒಮ್ಮೆ ಅಲುಗಾಡಿತು. ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ನುಂಗಿದ.

"ಅದ್ಭುತ, ಸಿರಿಲ್. ನಿಜವಾಗ್ಲೂ ಅದ್ಭುತ."

ಸಿರಿಲ್ ಮೇಜರ್ ಕಡೆ ತಿರುಗಿದ. ಅದು ಆಗಲೇ ನೀಲಿ ಬಟ್ಟಲಿನೊಳಗೆ ತಲೆ ಹುದುಗಿಸಿತ್ತು.